ಕಾಪ್ಟಿಕ್ ನೇಯ್ಗೆ ನೋಡಲು ಕೈರೋಗೆ ಹೋಗುವವರಿಗೆ

ಈಜಿಪ್ಟಿನ ಕಾಪ್ಟಿಕ್ ಬಟ್ಟೆಗಳನ್ನು, ಅಂದರೆ ಅಲ್ಲಿನ ಪ್ರಾಚೀನ ಕ್ರೈಸ್ತರ ಕಾಲದ ನೇಯ್ಗೆಗಳನ್ನು, ನೋಡಲೆಂದೇ ಕೈರೋಗೆ ಹೋಗುವವರು ವಸ್ತುಸಂಗ್ರಹಾಲಯಕ್ಕಿಂತ ಮೊದಲು ಹರಾನಿಯಾ ಹಳ್ಳಿಗೆ ಹೋಗಿಬರುವುದು ಒಳ್ಳೆಯದೆಂದು ನನ್ನ ಅನುಭವದಿಂದ ಹೇಳಬಲ್ಲೆ. ಗಿಜಾದಿಂದ ಸಕ್ಕಾರಾ ಕಡೆಗೆ ಹೋಗುವ ರಸ್ತೆಯಲ್ಲಿರುವ ಈ ಹಳ್ಳಿಯಲ್ಲಿ ವಾಸ್ತುಶಿಲ್ಪಿ ರಾಮ್ಸೆಸ್ ವಿಸ್ಸಾ ವಾಸೆಫ್ ಸ್ಥಾಪಿಸಿದ ಕಲಾಕೇಂದ್ರವಿದೆ. ಅಲ್ಲಿನ ನೇಕಾರರು ಮುಂಚಿತವಾಗಿ ನಕ್ಷೆ ಬರೆದುಕೊಳ್ಳದೆ, ಗಿಡಮೂಲಿಕೆಗಳಿಂದ ಬಣ್ಣ ಕಟ್ಟಿದ ಉಣ್ಣೆಯಲ್ಲಿ ಮಗ್ಗದ ಮೇಲೆಯೇ ಚಿತ್ರ ಮೂಡಿಸುತ್ತಾರೆ. ಹೊಕ್ಕಿನ ನೂಲು, ಅಂದರೆ ಅಡ್ಡ ಎಳೆ, ಬಟ್ಟೆಯ ಅಗಲಕ್ಕೂ ಓಡದೆ, ತನ್ನ ಬಣ್ಣದ ಗಡಿ ಬಂದಲ್ಲೇ ಹಿಂತಿರುಗುವುದನ್ನು ಒಮ್ಮೆ ಕಂಡವರಿಗೆ ಹಳೆಯ ತುಂಡುಗಳು ಬೇಗ ಅರ್ಥವಾಗುತ್ತವೆ. ಫೋನ್ ಮಾಡಿ ಕೇಳಿಕೊಂಡೇ ಹೋಗಿ.

ಮಾರ್ಕಸ್ ಸಿಮೈಕಾ 1908ರಲ್ಲಿ ಆರಂಭಿಸಿದ ಕಾಪ್ಟಿಕ್ ಮ್ಯೂಸಿಯಂ ಹಳೆ ಕೈರೋದಲ್ಲಿದೆ. ಮೆಟ್ರೋದ ಮಾರ್ ಗಿರ್ಗಿಸ್ ನಿಲ್ದಾಣದಲ್ಲಿ ಇಳಿದರೆ ಎದುರಿಗೇ ಸಿಗುತ್ತದೆ. ಬಟ್ಟೆಗಳ ಮುಂದೆ ನಿಂತಾಗ ಚಿತ್ರಕ್ಕಿಂತ ಮೊದಲು ನೂಲನ್ನು ಗಮನಿಸಿ. ಚಿತ್ರದ ಹಿನ್ನೆಲೆಯ ಬಟ್ಟೆ ಹೆಚ್ಚಾಗಿ ಬಣ್ಣ ಹಾಕದ ಲಿನನ್, ಚಿತ್ರ ಮೂಡಿರುವುದು ಉಣ್ಣೆಯ ಹೊಕ್ಕಿನಲ್ಲಿ. ಲಿನನ್ ಬಣ್ಣ ಹಿಡಿಯುವುದು ಕಷ್ಟ, ಉಣ್ಣೆ ಸುಲಭವಾಗಿ ಹಿಡಿಯುತ್ತದೆ. ಕಡುನೇರಳೆಯನ್ನು ಕಂಡು ಅದು ಸಮುದ್ರದ ಶಂಖದಿಂದ ತೆಗೆದ ದುಬಾರಿ ಬಣ್ಣವೆಂದುಕೊಳ್ಳಬೇಡಿ, ಹೆಚ್ಚಿನವು ಮಂಜಿಷ್ಠದ ಜಾತಿಯ ಬೇರಿನ ಕೆಂಪು ಮತ್ತು ನೀಲಿಯನ್ನು ಒಂದರ ಮೇಲೊಂದು ಹಾಕಿ ಪಡೆದವು. ಅಂಥ ನೇರಳೆ ವೃತ್ತವೊಂದರ ಹತ್ತಿರ ಬಾಗಿ ನೋಡಿದರೆ, ಕೂದಲೆಳೆಯಷ್ಟು ಸಣ್ಣ ಬಿಳಿ ಲಿನನ್ ನೂಲು ಓರೆಯಾಗಿ, ಬಾಗುತ್ತಾ ಸಾಗಿ ದ್ರಾಕ್ಷಿಬಳ್ಳಿಯ ಎಲೆನರಗಳನ್ನೂ ಕುಣಿಯುವವರ ಮೈಯ ಮಡಿಕೆಗಳನ್ನೂ ಬರೆದಿರುವುದು ಕಾಣುತ್ತದೆ. ಕಸೂತಿಯಂತೆ ತೋರುವ ಈ ಗೆರೆಗಳು ಮಗ್ಗದ ಮೇಲೆಯೇ, ನೇಯುತ್ತಿರುವಾಗಲೇ ಬಂದವು. ಇಡೀ ಸಂಗ್ರಹದಲ್ಲಿ ನನ್ನನ್ನು ಅತಿ ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಇದೇ.

ಇಡಿಯಾಗಿ ಉಳಿದ ಅಂಗಿ ಎಲ್ಲಿ ಕಂಡರೂ ಬಿಡಬೇಡಿ. ಒಂದು ತೋಳಿನಿಂದ ಆರಂಭಿಸಿ ಇನ್ನೊಂದು ತೋಳಿನವರೆಗೆ ಒಂದೇ ತುಂಡಾಗಿ ನೇಯ್ದು, ಕುತ್ತಿಗೆಗೆ ಸೀಳು ಬಿಟ್ಟು, ಪಕ್ಕಗಳನ್ನು ಮಾತ್ರ ಹೊಲಿಯುತ್ತಿದ್ದರು. ಹೀಗಾಗಿ ತೊಟ್ಟಾಗ, ಮಗ್ಗದಲ್ಲಿ ಉದ್ದಕ್ಕೆ ಬಿಗಿದಿದ್ದ ಹಾಸಿನ ಎಳೆಗಳು ಮೈಗೆ ಅಡ್ಡವಾಗಿಯೂ ಭುಜದಿಂದ ಇಳಿಯುವ ಚಿತ್ರಪಟ್ಟಿಗಳು ನೆಟ್ಟಗೂ ಇರುತ್ತವೆ. ಸತ್ತವರನ್ನು ಉಟ್ಟ ಬಟ್ಟೆಯಲ್ಲೇ ಒಣಮರಳಿನಲ್ಲಿ ಹೂಳುತ್ತಿದ್ದುದರಿಂದ ಇವು ಉಳಿದುಬಂದವು. ಆದರೆ ಅಖ್ಮೀಮ್‌ನಂಥ ಊರುಗಳಲ್ಲಿ ಗೋರಿಗಳನ್ನು ಅಗೆದ ಹತ್ತೊಂಬತ್ತನೇ ಶತಮಾನದವರು ಚಂದದ ತುಂಡುಗಳನ್ನಷ್ಟೇ ಕತ್ತರಿಸಿಕೊಂಡು ಉಳಿದದ್ದನ್ನು ಎಸೆದರು. ಹಲವು ತುಂಡುಗಳ ಕಾಲವನ್ನು ಇಂದು ಅಂದಾಜಿನಲ್ಲೇ ಹೇಳಬೇಕಾಗಿರುವುದಕ್ಕೆ ಆ ನಷ್ಟವೇ ಕಾರಣ.

ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಚಿಕ್ಕ ಭೂತಗನ್ನಡಿಯೊಂದನ್ನು ಜೊತೆಗಿಟ್ಟುಕೊಳ್ಳಿ, ಫ್ಲ್ಯಾಶ್ ಬಳಸಲೇಬೇಡಿ. ಹಿಂತಿರುಗುವಾಗ ಲಂಡನ್ನಿನಲ್ಲಿ ತಂಗುವವರು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಸಂಗ್ರಹದಲ್ಲಿರುವ, ಹೆಬ್ಬೆರಳಿಗೆ ಬೇರೆ ಜಾಗ ಬಿಟ್ಟು ಒಂದೇ ಸೂಜಿಯಿಂದ ಹೆಣೆದ, ಈಜಿಪ್ಟಿನಲ್ಲೇ ಸಿಕ್ಕ ಕೆಂಪು ಉಣ್ಣೆಯ ಕಾಲುಚೀಲಗಳು ಪ್ರದರ್ಶನದಲ್ಲಿವೆಯೇ ಎಂದು ವಿಚಾರಿಸಿ.