ಬಂಪರಿಗೆ ಕಟ್ಟಿದ ಕೂದಲ ಹಗ್ಗ

ಹೋದ ಶುಕ್ರವಾರ ತಮ್ಮನ ಪಿಕಪ್ ಮನೆಗೆ ಬಂತು. ಸೆಕೆಂಡ್ ಹ್ಯಾಂಡ್ ಗಾಡಿ, ಆದರೆ ಅವನ ಪಾಲಿಗೆ ಮೊದಲನೆಯದು. ಪೂಜೆಗೆ ನಿಂಬೆಹಣ್ಣು, ಕುಂಬಳಕಾಯಿ, ಹೂವು ಎಲ್ಲಾ ಬಂದಿತ್ತು. "ದೃಷ್ಟಿ ಆಗದಿರಲಿ ಅಂತ ಬಂಪರಿಗೆ ಕಟ್ಟೋ ಕೂದಲ ಹಗ್ಗ ಎಲ್ಲೋ?" ಅಂದರು ಅಪ್ಪ. ಯಾರೂ ತಂದಿರಲಿಲ್ಲ. ನಾನೇ ಹಾಸನದ ಕಟ್ಟಿನಕೆರೆ ಮಾರ್ಕೆಟ್ ಕಡೆ ಹೋಗಿ ತಂದೆ.

ಅದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅವತ್ತೇ. ಹೆಬ್ಬೆರಳಿನಷ್ಟು ದಪ್ಪ. ದೂರದಿಂದ ತೆಂಗಿನ ನಾರಿನ ಹಗ್ಗಕ್ಕೆ ಕಪ್ಪು ಬಳಿದಂತೆ ಕಾಣುತ್ತೆ, ಕೈಗೆ ತಗೊಂಡರೆ ಹೊಸೆದ ಕಡೆಯಲ್ಲೆಲ್ಲ ತುಂಡು ಕೂದಲಿನ ತುದಿಗಳು ಹೊರಗೆ ಬಂದು ಅಂಗೈಗೆ ಚುಚ್ಚುತ್ತವೆ. ಮಧ್ಯೆ ಒಂದೆರಡು ನರೆತ ಎಳೆಗಳೂ ಇದ್ದವು. ಯಾರ ತಲೆಯದೋ.

ಆ ಬಿಳಿ ಎಳೆ ನೋಡುತ್ತಲೇ ಶೀಲಾ ಗೌಡ ನೆನಪಾದರು. ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಕೆಲಸ ಮಾಡುವ ಕಲಾವಿದೆ. ಸಗಣಿ, ಕುಂಕುಮ, ಸೂಜಿ-ದಾರ ಇವೆಲ್ಲ ಅವರ ಕಲೆಯ ಸಾಮಾನು. ಇಟಲಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾ ಪ್ರದರ್ಶನ ವೆನಿಸ್ ಬಿನಾಲೆಯಲ್ಲಿ, 2009ರಲ್ಲಿ ಅವರು 'ಬಿಹೋಲ್ಡ್' ಅನ್ನುವ ಕೃತಿ ಇಟ್ಟರು. ಸುಮಾರು 4 ಕಿಲೋಮೀಟರ್ ಕೂದಲ ಹಗ್ಗ, 20ರಷ್ಟು ಕಾರ್ ಬಂಪರ್, ಅಷ್ಟೇ. ಗೋಡೆಯ ಮೇಲೆಲ್ಲ ಹಗ್ಗ ಹರಡಿ ಇಳಿಬಿದ್ದಿರುತ್ತೆ, ಹೊಳೆಯುವ ಬಂಪರ್‌ಗಳು ಅದರಲ್ಲಿ ಜೋತಾಡುತ್ತಿರುತ್ತವೆ. ನಾವು ಬಂಪರಿಗೆ ಹಗ್ಗ ಕಟ್ಟುತ್ತೇವೆ. ಅಲ್ಲಿ ಹಗ್ಗವೇ ಬಂಪರನ್ನು ಹೊತ್ತಿದೆ. ಈಗ ಅದು ಲಂಡನ್ನಿನ ಟೇಟ್ ಮ್ಯೂಸಿಯಂನ ಸಂಗ್ರಹದಲ್ಲಿದೆ. ನಾನು ನೋಡಿರುವುದು ಫೋಟೋದಲ್ಲಿ ಮಾತ್ರ.

ಮನೆಗೆ ಬಂದು ಅಮ್ಮನಿಗೆ ಮೊಬೈಲ್‌ನಲ್ಲಿ ತೋರಿಸಿದೆ. ದೇವಸ್ಥಾನಗಳಲ್ಲಿ ಕೊಟ್ಟ ಮುಡಿಯಲ್ಲಿ ಉದ್ದದ ಕೂದಲು ವಿಗ್‌ಗೆ ಹೋಗುತ್ತೆ, ಉಳಿದ ಗಿಡ್ಡ ಕೂದಲು ಹೀಗೆ ಹಗ್ಗ ಆಗುತ್ತೆ ಅಂತ ಹೇಳಿದೆ. ಅಮ್ಮ ಸುಮ್ನಾದರು. ತಮ್ಮ ಮೂರು ವರ್ಷದವನಿದ್ದಾಗ ಜ್ವರ ಬಿಡದೆ, ಅಮ್ಮ ಹರಕೆ ಹೊತ್ತು ಧರ್ಮಸ್ಥಳದಲ್ಲಿ ಮುಡಿ ಕೊಟ್ಟಿದ್ದರು. ಶಿರಾಡಿ ಘಾಟಿಯಲ್ಲಿ ವಾಪಸ್ ಬರುವಾಗ ಬೋಳುತಲೆಗೆ ಸೆರಗು ಹೊದ್ದು ಕಿಟಕಿ ಪಕ್ಕ ಕೂತಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. "ಅದೂ ಹೀಗೇ ಯಾವುದೋ ಗಾಡಿಗೆ ಹೋಗಿರುತ್ತೆ ಅಲ್ವಾ?" ಅಂದರು. ಫೋಟೋ ದೊಡ್ಡದು ಮಾಡು ಅಂತ ಹೇಳಿ, ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

ಬೇಲೂರು, ಹಳೇಬೀಡಿನ ಕಲ್ಲಿನ ಕೆಲಸದ ಬಗ್ಗೆ ನಮ್ಮಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಮ್ಮ ಕಾಲದ ಕಲೆ ಅಂದರೆ ಮಾತ್ರ ಅದು ಬೇರೆಯವರದು ಅನ್ನುವ ಹಾಗೆ ದೂರ ನಿಲ್ಲುತ್ತೇವೆ. ನಾನೂ ಹಾಗೇ ಇದ್ದೆ. ಅಮ್ಮನಿಗೆ ಆ ದೂರ ಇರಲೇ ಇಲ್ಲ. ಅವರನ್ನು ಒಮ್ಮೆ ಆ ಹಗ್ಗದ ರಾಶಿಯ ಮುಂದೆ ನಿಲ್ಲಿಸಬೇಕು ಅಂತ ತುಂಬಾ ಆಸೆ ಇದೆ.

ಅಪ್ಪ ಹಗ್ಗ ಕಟ್ಟಲು ಬಗ್ಗಿದರು. "ತಡೀರಿ" ಅಂತ ಅಮ್ಮ ಅವರ ಕೈಯಿಂದ ಇಸಿದುಕೊಂಡು, ತಾವೇ ಬಂಪರಿಗೆ ಎರಡು ಸುತ್ತು ಸುತ್ತಿ, ಬಿಗಿಯಾಗಿ ಗಂಟು ಹಾಕಿದರು.