ಖಾಲಿಯಾಗಿ ಕಂಡ ಫೋಟೋ ಲೈಬ್ರರಿ ಮರಳಿ ಸಿಕ್ಕಿದ ಬಗೆ

ನಮ್ಮ ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಹೊಣೆ ನನ್ನದು. ಛಾಯಾಚಿತ್ರಗಳನ್ನು ಇಟ್ಟುಕೊಂಡಿದ್ದ ಮ್ಯಾಕ್ ಯಂತ್ರದಲ್ಲಿ ಜಾಗ ಮುಗಿದಾಗ ಸಹೋದ್ಯೋಗಿಯೊಬ್ಬರು, ಮ್ಯಾಕ್‌ನ ಫೋಟೋಸ್ ತಂತ್ರಾಂಶ ಚಿತ್ರಗಳನ್ನೆಲ್ಲ ಕೂಡಿಡುವ ಇಡೀ ಲೈಬ್ರರಿಯನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಸಾಗಿಸಿ, ಒಳಗಿದ್ದ ಪ್ರತಿಯನ್ನು ಅಳಿಸಿದ್ದರು. ಒಂದು ಸಂಜೆ ಫೋಟೋಸ್ ತೆರೆದಿರುವಾಗಲೇ, ಇಜೆಕ್ಟ್ ಮಾಡದೆ, ಅಂದರೆ ಡಿಸ್ಕನ್ನು ಸುರಕ್ಷಿತವಾಗಿ ಬೇರ್ಪಡಿಸುವ ಆಜ್ಞೆ ಕೊಡದೆ, ಕೇಬಲ್ ಕಿತ್ತುಬಿಟ್ಟರು. ಮರುದಿನ ಲೈಬ್ರರಿ ಸಿಗುತ್ತಿಲ್ಲವೆಂಬ ಸಂದೇಶ ಬಂದಾಗ ಗಾಬರಿಯಲ್ಲಿ ಹೊಸ ಲೈಬ್ರರಿ ಸೃಷ್ಟಿಸುವ ಗುಂಡಿಯನ್ನು ಒತ್ತಿದರು. ತೆರೆದ ಕಿಟಕಿಯಲ್ಲಿ ಒಂದು ಚಿತ್ರವೂ ಇರಲಿಲ್ಲ.

ನಾನು ಹೋಗುವಷ್ಟರಲ್ಲಿ ಅಳಿಸಿದ ಕಡತಗಳನ್ನು ಹುಡುಕುವ ತಂತ್ರಾಂಶವೊಂದನ್ನು ಅದೇ ಡಿಸ್ಕಿಗೆ ಇಳಿಸುವ ಸಿದ್ಧತೆ ನಡೆದಿತ್ತು. ಅದನ್ನು ತಡೆದದ್ದೇ ಆ ದಿನ ನಾನು ಮಾಡಿದ ಅತ್ಯಂತ ಉಪಯುಕ್ತ ಕೆಲಸವೆಂದು ಈಗಲೂ ನಂಬುತ್ತೇನೆ, ಏಕೆಂದರೆ ತೊಂದರೆಗೆ ಸಿಲುಕಿದ ಡಿಸ್ಕಿನ ಮೇಲೆ ಹೊಸದಾಗಿ ಬರೆಯುವ ಪ್ರತಿಯೊಂದು ಕಡತವೂ ಉಳಿದಿರಬಹುದಾದ ಹಳೆಯದರ ಮೇಲೆಯೇ ಕೂರಬಹುದು. ಮೊದಲು ಇನ್ನೊಂದು ಹೊಸ ಡಿಸ್ಕನ್ನು, ಕಡತಗಳನ್ನು ಜೋಡಿಸಿಡುವ ಆ್ಯಪಲ್‌ನ ಎಪಿಎಫ್‌ಎಸ್ ವಿಧಾನದಲ್ಲಿ ಫಾರ್ಮ್ಯಾಟ್ ಮಾಡಿ, ಲೈಬ್ರರಿಯ ಪೂರ್ಣ ನಕಲನ್ನು ಅದಕ್ಕೆ ತೆಗೆದುಕೊಂಡೆ. ಈ ಹೊಸ ಡಿಸ್ಕು ಬಂದಾಗ ಎಕ್ಸ್‌ಫ್ಯಾಟ್ ಎಂಬ ಬೇರೆ ವಿಧಾನದಲ್ಲಿತ್ತು. ಫೋಟೋಸ್ ಲೈಬ್ರರಿಯನ್ನು ಇಡಲು ಅದು ತಕ್ಕುದಲ್ಲ.

ಲೈಬ್ರರಿ ನೋಡಲು ಒಂದೇ ಕಡತದಂತಿದ್ದರೂ ನಿಜವಾಗಿ ಅದೊಂದು ಪೊಟ್ಟಣ. ನಕಲಿನ ಮೇಲೆ ಬಲ ಕ್ಲಿಕ್ ಮಾಡಿ ಪೊಟ್ಟಣದ ಒಳವಸ್ತುಗಳನ್ನು ತೋರಿಸುವ ಆಯ್ಕೆಯನ್ನು ಒತ್ತಿದಾಗ ‘ಒರಿಜಿನಲ್ಸ್’ ಎಂಬ ಫೋಲ್ಡರ್ ಕಂಡಿತು. ಅದರೊಳಗೆ 0ಯಿಂದ 9ರವರೆಗಿನ ಅಂಕಿಗಳು ಮತ್ತು ಎ ಯಿಂದ ಎಫ್‌ವರೆಗಿನ ಅಕ್ಷರಗಳ ಹೆಸರು ಹೊತ್ತ 16 ಫೋಲ್ಡರುಗಳು, ಒಂದೊಂದರಲ್ಲೂ ಅಕ್ಷರ, ಅಂಕಿಗಳ ಉದ್ದನೆಯ ಸರಪಳಿಯನ್ನೇ ಹೆಸರಾಗಿ ಪಡೆದ ಚಿತ್ರಗಳು. ಒಂದನ್ನು ತೆರೆದೆವು, ಪೂರ್ಣ ಗಾತ್ರದ ಚಿತ್ರ ತೆರೆಯಿತು. ಪಕ್ಕದಲ್ಲಿ ನಿಂತಿದ್ದ ಸಹೋದ್ಯೋಗಿ ಆಗಷ್ಟೇ ಕುರ್ಚಿಯಲ್ಲಿ ಕುಳಿತರು. ಮೂಲ ಚಿತ್ರಗಳನ್ನು ಆ್ಯಪಲ್‌ನ ಆನ್‌ಲೈನ್ ಸಂಗ್ರಹವಾದ ಐಕ್ಲೌಡ್‌ನಲ್ಲಿ ಮಾತ್ರ ಉಳಿಸಿ ಯಂತ್ರದ ಜಾಗ ಉಳಿಸುವ ವ್ಯವಸ್ಥೆ ಇಲ್ಲಿ ಚಾಲ್ತಿಯಲ್ಲಿರಲಿಲ್ಲ. ಇದ್ದಿದ್ದರೆ ಆ ಫೋಲ್ಡರುಗಳಲ್ಲಿ ಎಷ್ಟೋ ಚಿತ್ರಗಳು ಇರುತ್ತಲೇ ಇರಲಿಲ್ಲ.

ಆದರೆ ಚಿತ್ರಗಳು ಸಿಕ್ಕಿದ ಮಾತ್ರಕ್ಕೆ ಲೈಬ್ರರಿ ಸಿಕ್ಕಂತಲ್ಲ. ಆಲ್ಬಮ್‌ಗಳು, ಶೀರ್ಷಿಕೆಗಳು, ಕಡತಗಳ ಹಳೆಯ ಹೆಸರುಗಳು, ವರ್ಷಗಳ ಕಾಲ ಕುಳಿತು ಗುರುತಿಸಿದ ಮುಖಗಳು, ಇವೆಲ್ಲ ‘ಡೇಟಾಬೇಸ್’ ಫೋಲ್ಡರಿನಲ್ಲಿರುವ ಎಸ್‌ಕ್ಯೂಲೈಟ್ ಎಂಬ ಮಾಹಿತಿ ಕೋಶದ ಕಡತದಲ್ಲಿ ಇರುತ್ತವೆ. ಅದರ ಜೊತೆಗೇ ಇರುವ, ಹೆಸರಿನ ಕೊನೆಯಲ್ಲಿ ‘ವಾಲ್’ ಎಂದಿರುವ ಕಡತದಲ್ಲಿ ಮುಖ್ಯ ಕಡತಕ್ಕೆ ಇನ್ನೂ ಸೇರದ ಇತ್ತೀಚಿನ ಬದಲಾವಣೆಗಳು ಇರಬಹುದಾದ್ದರಿಂದ, ಮುಖ್ಯ ಕಡತವನ್ನಷ್ಟೇ ಆರಿಸಿ ನಕಲು ಮಾಡುವುದು ಸಲ್ಲದು. ಪೊಟ್ಟಣವನ್ನು ಇಡಿಯಾಗಿಯೇ ಸಾಗಿಸಬೇಕು.

ಬಳಿಕ ಆಪ್ಷನ್ ಮತ್ತು ಕಮಾಂಡ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಹಿಡಿದು, ನಕಲಿನ ಲೈಬ್ರರಿಯ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ ದುರಸ್ತಿಗೆ ಒಪ್ಪಿಗೆ ಕೊಟ್ಟೆ. ದೊಡ್ಡ ಲೈಬ್ರರಿಯಾದ್ದರಿಂದ ಬಹಳ ಹೊತ್ತು ಹಿಡಿಯಿತು, ನಡುವೆ ಏನನ್ನೂ ಮುಟ್ಟಲಿಲ್ಲ. ಕೊನೆಗೆ ಆಲ್ಬಮ್‌ಗಳೆಲ್ಲ ಮರಳಿದವು. ಆ ಸಂಜೆ ಮಾಡಿದ ಕೆಲವು ತಿದ್ದುಪಡಿಗಳು ಮಾತ್ರ ಹೋದವು.

ನನ್ನನ್ನು ಹೆಚ್ಚು ಕಾಡಿದ್ದು ಬೇರೆಯೇ ಸಂಗತಿ. ಮ್ಯಾಕ್‌ನ ಬ್ಯಾಕಪ್ ವ್ಯವಸ್ಥೆಯಾದ ಟೈಮ್ ಮಷಿನ್ ಹೊರಗಿನ ಡಿಸ್ಕುಗಳನ್ನು ಸಾಮಾನ್ಯವಾಗಿ ಬ್ಯಾಕಪ್ಪಿನಿಂದ ಕೈಬಿಡುವವುಗಳ ಪಟ್ಟಿಗೆ ತಾನಾಗಿಯೇ ಸೇರಿಸುತ್ತದೆ. ಲೈಬ್ರರಿಯನ್ನು ಸಾಗಿಸಿದ ಗಳಿಗೆಯಲ್ಲೇ ಅದು ಬ್ಯಾಕಪ್ಪಿನಿಂದ ಜಾರಿಹೋಗಿತ್ತು, ಅದನ್ನು ಗಮನಿಸಬೇಕಾಗಿದ್ದವನು ನಾನೇ. ಅಂದೇ ಆ ಪಟ್ಟಿಯಿಂದ ಹೊಸ ಡಿಸ್ಕಿನ ಹೆಸರನ್ನು ತೆಗೆದೆ. ಹಳೆಯ ಡಿಸ್ಕನ್ನು ಅಳಿಸದೆ, ದಿನಾಂಕ ಬರೆದ ಚೀಟಿ ಅಂಟಿಸಿ, ಮೊದಲ ಬ್ಯಾಕಪ್ ಪೂರ್ಣಗೊಳ್ಳುವವರೆಗೆ ಬೀರುವಿನಲ್ಲಿಟ್ಟೆ.