ಫೋಟಾನಿನ ಸಮಾನ ದ್ರವ್ಯರಾಶಿಯನ್ನು ಎಲ್ಲಿಯವರೆಗೆ ನಂಬಬಹುದು?

ತರಂಗಾಂತರ ತಿಳಿದಿದ್ದರೆ ಬೆಳಕಿನ ಕಣವಾದ ಫೋಟಾನಿನ ಸಮಾನ ದ್ರವ್ಯರಾಶಿಯನ್ನು ಪಡೆಯುವುದು ಕಷ್ಟವಲ್ಲ. ಪ್ಲಾಂಕ್ ಸ್ಥಿರಾಂಕವನ್ನು ಬೆಳಕಿನ ವೇಗದಿಂದ ಗುಣಿಸಿ ತರಂಗಾಂತರದಿಂದ ಭಾಗಿಸಿದರೆ ಶಕ್ತಿ ಸಿಗುತ್ತದೆ. ಆ ಶಕ್ತಿಯನ್ನು, ಐನ್‌ಸ್ಟೈನ್ 1905ರಲ್ಲಿ ತೋರಿಸಿಕೊಟ್ಟ ಸಂಬಂಧದಂತೆ, ಬೆಳಕಿನ ವೇಗದ ವರ್ಗದಿಂದ ಭಾಗಿಸಿದರೆ ದ್ರವ್ಯರಾಶಿ ಸಿಗುತ್ತದೆ. 500 ನ್ಯಾನೊಮೀಟರಿನ ಹಸಿರು ಬೆಳಕಿನ ಒಂದು ಫೋಟಾನಿಗೆ ಶಕ್ತಿ ಸುಮಾರು 3.97 × 10⁻¹⁹ ಜೂಲ್, ಸಮಾನ ದ್ರವ್ಯರಾಶಿ ಸುಮಾರು 4.4 × 10⁻³⁶ ಕಿಲೋಗ್ರಾಂ. ಎಲೆಕ್ಟ್ರಾನು ಇದಕ್ಕಿಂತ ಎರಡು ಲಕ್ಷ ಪಟ್ಟಿಗೂ ಹೆಚ್ಚು ಭಾರ.

ಆದರೆ ಈ ಸಂಖ್ಯೆ ಫೋಟಾನಿನ ನಿಶ್ಚಲ ದ್ರವ್ಯರಾಶಿಯಲ್ಲ, ಅದು ಸೊನ್ನೆ. ನಾವು ಪಡೆದದ್ದು ಶಕ್ತಿಯನ್ನೇ ಕಿಲೋಗ್ರಾಂಗಳಲ್ಲಿ ಬರೆದ ರೂಪ. ಈ ಎಚ್ಚರ ಬಿಟ್ಟರೆ ಏನಾಗುತ್ತದೆ ಎಂಬುದೇ ನನಗೆ ಸೂತ್ರಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಭೌತವಿಜ್ಞಾನಿಗಳಾದ ಪೌಂಡ್ ಮತ್ತು ರೆಬ್ಕಾ ಹಾರ್ವರ್ಡಿನ ಗೋಪುರವೊಂದರಲ್ಲಿ, 22.5 ಮೀಟರ್ ಅಂತರದಲ್ಲಿ ಗಾಮಾ ಕಿರಣಗಳನ್ನು ಕಳುಹಿಸಿ, ಅವುಗಳ ಶಕ್ತಿಯಲ್ಲಿ ಗುರುತ್ವದಿಂದಾಗುವ ವ್ಯತ್ಯಾಸವನ್ನು ಅಳೆದು 1960ರಲ್ಲಿ ಪ್ರಕಟಿಸಿದರು. ಫೋಟಾನನ್ನು ಕೆಳಗೆ ಬೀಳುವ ಸಣ್ಣ ಕಲ್ಲೆಂದು ಭಾವಿಸಿ ಸಮಾನ ದ್ರವ್ಯರಾಶಿಯಿಂದ ಲೆಕ್ಕ ಹಾಕಿದರೂ ಅದೇ ಉತ್ತರ, ಅಂದರೆ ಶಕ್ತಿಯ ವ್ಯತ್ಯಾಸಕ್ಕೂ ಶಕ್ತಿಗೂ ಇರುವ ಸುಮಾರು 2.5 × 10⁻¹⁵ ಎಂಬ ಅನುಪಾತವೇ ಬರುತ್ತದೆ. ಆದರೆ ಅದೇ ಕಲ್ಲಿನ ಕಲ್ಪನೆಯನ್ನು ಸೂರ್ಯನ ಅಂಚಿನಲ್ಲಿ ಹಾದುಹೋಗುವ ನಕ್ಷತ್ರದ ಬೆಳಕಿಗೆ ಹಚ್ಚಿದರೆ ಬಾಗುವಿಕೆ 0.87 ಆರ್ಕ್‌ಸೆಕೆಂಡ್ (ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ರಲ್ಲೊಂದು ಭಾಗ) ಬರುತ್ತದೆ. ನಿಜವಾದದ್ದು ಅದರ ಇಮ್ಮಡಿ, 1.75. 1919ರ ಗ್ರಹಣದ ವೀಕ್ಷಣೆಗಳು ಸಮರ್ಥಿಸಿದ್ದು ಈ ಎರಡನೆಯ ಬೆಲೆಯನ್ನೇ. ಆದ್ದರಿಂದ ಸಮಾನ ದ್ರವ್ಯರಾಶಿಯನ್ನು ಶಕ್ತಿಯ ಜಮಾಖರ್ಚಿಗೆ ಬಳಸಬಹುದೇ ಹೊರತು, ನ್ಯೂಟನ್ನನ ನಿಯಮಗಳಲ್ಲಿ ಬೇಕಾದಲ್ಲೆಲ್ಲ ತುಂಬುವಂತಿಲ್ಲ.

ಜಮಾಖರ್ಚಿನ ಸೊಗಸು ಪೂರ್ತಿಯಾಗಿ ಕಾಣುವುದು 2.43 ಪಿಕೊಮೀಟರ್ ತರಂಗಾಂತರದಲ್ಲಿ. ಕಾಂಪ್ಟನ್ ತರಂಗಾಂತರವೆಂದು ಕರೆಯುವ ಈ ಅಳತೆಯಲ್ಲಿ ಫೋಟಾನಿನ ಸಮಾನ ದ್ರವ್ಯರಾಶಿ ಎಲೆಕ್ಟ್ರಾನಿನ ದ್ರವ್ಯರಾಶಿಗೆ ಸರಿಹೊಂದುತ್ತದೆ. ನಿಂತಿರುವ ಎಲೆಕ್ಟ್ರಾನು ಮತ್ತು ಅದರ ಪ್ರತಿಕಣವಾದ ಪಾಸಿಟ್ರಾನು ಸೇರಿ ಅಳಿದಾಗ ಸಾಮಾನ್ಯವಾಗಿ 511 ಕಿಲೋ ಎಲೆಕ್ಟ್ರಾನ್‌ವೋಲ್ಟಿನ ಎರಡು ಫೋಟಾನುಗಳು ವಿರುದ್ಧ ದಿಕ್ಕುಗಳಿಗೆ ಹೊರಡುತ್ತವೆ. ದೇಹದೊಳಗಿನ ಚಿತ್ರ ತೆಗೆಯುವ ಪೆಟ್ ಸ್ಕ್ಯಾನ್ ಯಂತ್ರ ಹಿಡಿಯುವುದು ಇಂಥ ಜೋಡಿಗಳನ್ನೇ. ಒಂದೊಂದಕ್ಕೂ ನಿಶ್ಚಲ ದ್ರವ್ಯರಾಶಿ ಸೊನ್ನೆಯಾದರೂ, ಅವುಗಳ ಸಂವೇಗಗಳು ಪರಸ್ಪರ ರದ್ದಾಗಿ ಶಕ್ತಿ ಮಾತ್ರ ಉಳಿಯುವುದರಿಂದ, ಜೋಡಿಯನ್ನು ಒಂದೇ ವ್ಯವಸ್ಥೆಯಾಗಿ ಎಣಿಸಿದಾಗ ಅದರ ದ್ರವ್ಯರಾಶಿ ಎರಡು ಎಲೆಕ್ಟ್ರಾನುಗಳಷ್ಟೇ ಇರುತ್ತದೆ.